ಉಚ್ಚೀರಪ್ಪ ಹಾಕಿದ ಹಾರ

ಆದೋನಿಯಲ್ಲಿ ಉಚ್ಚೀರಪ್ಪನ ಸ್ಟುಡಿಯೋಗೆ ಅಂಟಿಕೊಂಡೇ ನನ್ನ ಜೆರಾಕ್ಸ್ ಅಂಗಡಿ. ಹದಿನೆಂಟು ವರ್ಷದಿಂದ ಅವನ ಬೆನ್ನನ್ನೇ ನೋಡುತ್ತಿದ್ದೇನೆ. ಮುಖ ಯಾವಾಗಲೂ ಕಂಪ್ಯೂಟರಿನ ಕಡೆಗೆ. ಗುಂಪು ಫೋಟೋದಿಂದ ಒಬ್ಬರನ್ನು ಬೇರೆ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. "ಅಳಿಸಬಾರ್ದಲೇ, ಮುಚ್ಚಬೇಕು" ಎಂದು ನನಗೂ ಪಾಠ ಹೇಳುತ್ತಾನೆ. ಫೋಟೋದ ಪದರಕ್ಕೊಂದು ಮಾಸ್ಕ್ ಹಾಕುತ್ತಾನೆ. ಅದರ ಮೇಲೆ ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ. ಒಂದೊಂದು ಕೂದಲಿಗೂ ಅರ್ಧ ಗಂಟೆ ಕೂರುತ್ತಾನೆ, ಪುಣ್ಯಾತ್ಮ.

ನಮ್ಮ ಕಡೆ ಮುದುಕರು ಒಂಟಿಯಾಗಿ ಫೋಟೋ ತೆಗೆಸಿಕೊಳ್ಳುವುದು ಕಡಿಮೆ. ತೀರಿಕೊಂಡ ಮೇಲೆ ಮನೆಯವರು ಯಾವುದೋ ಮದುವೆಯ ಫೋಟೋ ಹಿಡಿದು ಓಡಿ ಬರುತ್ತಾರೆ. ಉಚ್ಚೀರಪ್ಪ ಮುಖ ಬೇರೆ ಮಾಡಿ, ಹಿಂದೆ ನೀಲಿ ಆಕಾಶ, ತಲೆಯ ಸುತ್ತ ಬೆಳಕು, ಎರಡು ಕಡೆ ದೀಪ, ಕೊರಳಿಗೆ ಹಾರ ಹಾಕಿ ಕೊಡುತ್ತಾನೆ. ಅತ್ತು ಬಂದವರನ್ನು ಏನೂ ಕೇಳುವುದಿಲ್ಲ. ದುಃಖದಲ್ಲಿರುವವರ ಬಾಯಿ ಬಿಡಿಸಬಾರದು ಎನ್ನುವುದು ಅವನ ಮರ್ಯಾದೆ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಹೋದ ಜನವರಿಯಲ್ಲಿ ಒಂದು ಬೆಳಿಗ್ಗೆ ಗೋನೆಗಂಡ್ಲದ ಜಯಕ್ಕ ಬಂದಳು. ಕಣ್ಣು ಊದಿದ್ದವು. ಕೈಯಲ್ಲಿ ಒಂದು ಗುಂಪು ಫೋಟೋ. ನಡುವೆ ಅವಳಪ್ಪ ಭೀಮಲಿಂಗಪ್ಪ, ತೊಡೆಯ ಮೇಲೆ ಮೊಮ್ಮಗಳು.

"ಅಪ್ಪಂದು ಒಂದಾ ಮುಖ ದೊಡ್ಡದು ಮಾಡ್ರಿ ಅಣ್ಣಾ. ಜಲ್ದಿ ಬೇಕ್ರಿ. ಈ ನಂಬರಿಗೆ ಹಾಕಿಬಿಡ್ರಿ, ನಾ ಹೋಗಿ ಬರ್ತೀನಿ."

ಉಚ್ಚೀರಪ್ಪ ತಲೆಯಾಡಿಸಿದ. ಮೊಮ್ಮಗಳ ಬೆರಳು ಅಜ್ಜನ ಮೀಸೆಗೆ ತಾಗಿತ್ತು. ಅದನ್ನು ಮುಚ್ಚುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಕೈ ರೂಢಿಯ ಮೇಲೆ ಆಕಾಶ, ದೀಪ, ಹಾರ ಹಾಕಿತು. ಹನ್ನೊಂದಕ್ಕೆ ಕಳಿಸಿದ.

ಭೀಮಲಿಂಗಪ್ಪ ಸತ್ತಿರಲಿಲ್ಲ. ಮರೆವಿನ ಮುದುಕ, ಊರಿನ ಹೆಸರನ್ನೂ ಹೇಳಲಾರ. ಹಿಂದಿನ ದಿನ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ಮಗಳು ಮಾತ್ರೆ ತರಲು ಹೋಗಿ ಬರುವಷ್ಟರಲ್ಲಿ ಎದ್ದು ಎಲ್ಲಿಗೋ ಹೋಗಿದ್ದ. ಅವನನ್ನು ಹುಡುಕಲೆಂದೇ ಜಯಕ್ಕ ಫೋಟೋ ಮಾಡಿಸಲು ಕೊಟ್ಟು ಪೊಲೀಸರ ಬಳಿ ಹೋಗಿದ್ದಳು. ಅವಳು ಕೊಟ್ಟ ನಂಬರ್ ಮೈದುನ ಚಂದ್ರಮೋಹನನದು. ಹಾರ ಕಂಡವನೇ ಅವನು ಅತ್ತಿಗೆಗೆ ಫೋನ್ ಮಾಡಿದ. ಅವಳ ಫೋನ್ ಚಾರ್ಜ್ ಇಲ್ಲದೆ ಆಫಾಗಿತ್ತು. ಪೊಲೀಸರಿಗೆ ಹೆಣ ಸಿಕ್ಕಿರಬೇಕೆಂದು ತಿಳಿದು, ಅತ್ತು, 'ಓಂ ಶಾಂತಿ' ಬರೆದು ಇದ್ದಬದ್ದ ಗ್ರೂಪಿಗೆಲ್ಲ ಹಾಕಿದ.

ಒಂದು ಗಂಟೆಗೆ ಜಯಕ್ಕ ಬಂದು ಕಂಪ್ಯೂಟರ್ ನೋಡಿದಳು.

"ಯಾಕ್ರಿ ಹಾರ ಹಾಕೀರಿ? ನಮ್ಮಪ್ಪ ಅದಾನ್ರಿ. ಸಿಗವಲ್ಲ, ಅಷ್ಟಾ."

ನಾನು ಅವನನ್ನು ಬೈದೆ. ಇಷ್ಟು ವರ್ಷದ ಸ್ನೇಹ ಎಂದೂ ನೋಡದೆ ಬೈದೆ. "ಒಂದ್ ಮಾತು ಕೇಳಾಕ ನಿನ್ನ ಬಾಯಿಗೇನಾಗಿತ್ತಲೇ?" ಅವನು ಮೌಸ್ ಹಿಡಿದ. ಕಪ್ಪು ಬಳಿದ, ಹಾರ ಹೋಯಿತು, ದೀಪ ಹೋದವು. ಎರಡೇ ನಿಮಿಷದ ಕೆಲಸ. 'ಕಾಣೆಯಾಗಿದ್ದಾರೆ' ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು, ತನ್ನ ನಂಬರ್ ಹಾಕಿ ಚಂದ್ರಮೋಹನನಿಗೂ ಗೊತ್ತಿದ್ದ ಗ್ರೂಪಿಗೆಲ್ಲವೂ ಕಳಿಸಿದ. ಆದರೆ ಹಳೆಯದು ಆಗಲೇ ಯಾರ್ಯಾರ ಫೋನಿಗೋ ಹೋಗಿತ್ತು. ಅದನ್ನು ವಾಪಸ್ ತರಿಸುವ ಉಪಾಯ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾಲ್ಕಕ್ಕೆ ಗುಂತಕಲ್ಲಿನಿಂದ ಫೋನ್ ಬಂತು. ರೈಲ್ವೆ ಸ್ಟೇಷನ್ನಿನೊಳಗಿನ ಟೀ ಅಂಗಡಿಯ ವೆಂಕಮ್ಮ ಅಂತೆ. ಅಲ್ಲೇ ಕಾದು ಕುಳಿತಿದ್ದ ಜಯಕ್ಕನಿಗೂ ಕೇಳಲೆಂದು ಉಚ್ಚೀರಪ್ಪ ಸ್ಪೀಕರ್ ಹಾಕಿ, ಮಗಳು ಇಲ್ಲೇ ಇದ್ದಾಳೆ ಎಂದ.

"ಬೆಳಿಗ್ಗಿಂದ ಇಲ್ಲೇ ಕುಂತಿದ್ನಮ್ಮಾ ಆ ತಾತ. ಊರು ಕೇಳಿದ್ರ ನಗತಿದ್ದ. ಆಮ್ಯಾಲ ಹಾರದ ಫೋಟೋ ಬಂತು. ಇವನಂಗಾ ಐತಲ್ಲ ಅಂದೆ. ಆತ ಸತ್ತಾನ, ಈ ತಾತ ಬ್ಯಾರೆ, ಬಿಡು ಅಂದ್ರು ಎಲ್ಲಾರು. ಸುಮ್ನಾದೆ. ಒಂದು ರೈಲುಗಾಡಿ ಬಂತು, ಹತ್ತಿಬಿಟ್ಟ. ಯಾವ ಗಾಡಿ ಅಂತ ನೋಡಲಿಲ್ಲಮ್ಮಾ. ಈಗ ಈ ಫೋಟೋ ಬಂದೈತಿ."

ಉಚ್ಚೀರಪ್ಪ ಕುರ್ಚಿಯಿಂದ ಜಾರಿ ಜಯಕ್ಕನ ಕಾಲ ಬಳಿ ಕುಸಿದ. ಅವಳು ಅವನ ಕಡೆ ನೋಡಲೂ ಇಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದಳು.

"ಅವ್ವಾ, ಏನಾರ ತಿಂದಿದ್ನೇನು?"

"ಎರಡು ಇಡ್ಲಿ ಕೊಟ್ಟಿದ್ದೆ. ಒಂದು ತಿಂದ. ಇನ್ನೊಂದು, ನಮ್ಮ ಜಯಿ ಬರ್ತಾಳ ಅಂತ ಕಟ್ಟಿಸಿಕೊಂಡ."