ತಪ್ಪು ಲೆಕ್ಕಗಳ ಕಟ್ಟು

ಝೆರಾಕ್ಸ್ ಯಂತ್ರದಿಂದ ಆಗತಾನೇ ಹೊರಬಂದ ಹಾಳೆಗೆ ಬಿಸಿಬಿಸಿ ಕಮಟು ವಾಸನೆ ಇರುತ್ತದೆ. ನಿನ್ನೆ ಶಿವಾಜಿನಗರದ ಅಂಗಡಿಯಲ್ಲಿ ಅದು ಮೂಗಿಗೆ ಬಡಿದು ಅಕ್ಕೋರು ಎದುರಿಗೇ ನಿಂತಂತಾಯಿತು. ಧಾರವಾಡದ ಕಡೆಯವರು, ಮರಾಠಿ ನಾಡಿನ ಈ ನಮ್ಮ ಕಾಲೇಜಿನಲ್ಲಿ ಗಣಿತದ ಹಿರಿಯ ಅಧ್ಯಾಪಕಿ. ಉಳಿದವರಿಗೆ ಮ್ಯಾಡಮ್, ಕನ್ನಡದವಳಾದ ನನಗೆ ಮಾತ್ರ ಅವರ ಕಡೆಯ ಮಾತಿನಲ್ಲಿ ಅಕ್ಕೋರು.

ಡಿಗ್ರಿಗೆ ಬಂದರೂ ಭಿನ್ನರಾಶಿ ಬಾರದ ಮಕ್ಕಳ ತರಗತಿ ನಮ್ಮಿಬ್ಬರ ಪಾಲಿಗೆ ಬರುತ್ತಿತ್ತು. ಬೇರೆ ಯಾರಿಗೂ ಅದು ಬೇಡ. ಅಕ್ಕೋರು ಆ ಮಕ್ಕಳ ತಪ್ಪುಗಳನ್ನು ಇದ್ದ ಹಾಗೇ ಒಂದೊಂದು ಹಾಳೆಗೆ ಇಳಿಸಿ, ಕೆಳಗೆ ಒಂದೇ ಪ್ರಶ್ನೆ ಬರೆದು, ಝೆರಾಕ್ಸ್ ಮಾಡಿಸಿ ತರಗತಿಗೆ ಹಂಚುತ್ತಿದ್ದರು. ಒಬ್ಬ 1/2 + 1/4 = 2/6 ಎಂದು ಬರೆದಿದ್ದ. ಅದರ ಕೆಳಗೆ ಮರಾಠಿಯಲ್ಲಿ: ಅರ್ಧ ಜೋಳದ ಭಾಕರಿ ತಿಂದ ಮೇಲೆ ಇನ್ನೂ ಕಾಲು ತಿಂದೆ, ಒಟ್ಟು ತಿಂದದ್ದು ಅರ್ಧಕ್ಕಿಂತ ಕಡಿಮೆಯೇ? ಓದಿದ ಮಕ್ಕಳು ತಾವೇ ನಕ್ಕು ತಿದ್ದಿಕೊಳ್ಳುತ್ತಿದ್ದರು.

ನಿವೃತ್ತರಾದ ದಿನ ಆ ಇಡೀ ಕಟ್ಟನ್ನು ನನ್ನ ಕೈಗಿಟ್ಟರು. “ಯಾರು ಕೇಳಿದ್ರೂ ಕೊಡ್ರಿ. ಇಲ್ಲ ಅನಬ್ಯಾಡ್ರಿ.”

ನನಗೋ ಬುದ್ಧಿ ಒಂದು ತೂಕ ಹೆಚ್ಚು. ಎಲ್ಲ ಕಾಲೇಜಿನವರಿಗೂ ಸಿಗಲಿ ಎಂದು ದೀಪಾವಳಿ ರಜೆಯಲ್ಲಿ ಕೂತು ಟೈಪ್ ಮಾಡಿದೆ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕೈ ಸುಮ್ಮನಿರಲಿಲ್ಲ, ಒಂದೊಂದು ಲೆಕ್ಕವನ್ನೂ ಸರಿಪಡಿಸುತ್ತ ಹೋಯಿತು. ಸರಿಯುತ್ತರದ ಕೆಳಗೆ ಆ ಪ್ರಶ್ನೆಗಳು ಅಸಂಬದ್ಧವೆನಿಸಿ ಅವನ್ನೂ ತೆಗೆದೆ. ಅಧ್ಯಾಪಕರ ವಾಟ್ಸಾಪ್ ಗುಂಪಿಗೆ ಹಾಕಿದಾಗ ಸಾಲುಸಾಲು ಹೆಬ್ಬೆರಳು ಬಂದವು. ಹಳೆಯ ಹಾಳೆಗಳು ರದ್ದಿಗೆ ಹೋದವು...

ಧನಕವಡಿಯ ಅವರ ಮನೆಗೆ ಹೋಗಿ ಹೆಮ್ಮೆಯಿಂದ ಫೋನು ತೋರಿಸಿದೆ. ಕೊನೆಯ ಪುಟದವರೆಗೂ ನೋಡಿದರು.

“ಭಾಳ ಚೊಲೋ ಕಾಣಸ್ತದ. ಆದ್ರ ನಮ್ಮ ಹುಡುಗ್ರು ಎಲ್ಲಿ ಹೋದ್ರು?”

ಏನು ಮಾಡಿದೆನೆಂದು ಹೊಳೆದದ್ದು ಆಗಲೇ. ಹಳೆಯ ಕಟ್ಟು ಮನೆಯಲ್ಲಿ ಜೋಪಾನವಾಗಿದೆ ಎಂದುಬಿಟ್ಟೆ.

“ಹಂಗಾದ್ರ ಚಿಂತಿಲ್ಲ ಬಿಡ್ರಿ,” ಎಂದು ಚಹಾ ಸೋಸಿದರು. ಹೋದ ಮಳೆಗಾಲದಲ್ಲಿ ತೀರಿಕೊಂಡರು, ನನ್ನ ಸುಳ್ಳನ್ನು ನಂಬಿಕೊಂಡೇ.

ಈಗ ಆ ತರಗತಿ ನನ್ನೊಬ್ಬಳದೇ. ದಣಿದಿದ್ದೇನೆ. ನಿನ್ನೆ ಒಬ್ಬ ಹುಡುಗಿ −3 − 5 = 8 ಎಂದು ಬರೆದು ತಂದಳು. ಈ ತಪ್ಪಿಗೂ ಅಕ್ಕೋರ ಪ್ರಶ್ನೆಯೊಂದಿತ್ತು. ಮೆಟ್ಟಿಲಿನದೋ, ಬಾವಿಯದೋ... ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಕೆಂಪು ಪೆನ್ನು ಮುಚ್ಚಿಟ್ಟು, ಆ ಹಾಳೆಯನ್ನು ತಿದ್ದದೆ ಹಾಗೇ ಝೆರಾಕ್ಸ್ ಮಾಡಿಸಿಕೊಂಡು ಬಂದೆ.

ಮೇಜಿನ ಮೇಲಿದೆ. ತಪ್ಪು ಹಾಗೇ ಇದೆ, ಕೆಳಗಿನ ಜಾಗ ಖಾಲಿಯಿದೆ.