ಗಣ್ಯರ ಕೈ ಸೇರಿದ ಕುರಿರೊಪ್ಪ

ನಾನು ಓದಿದ ಶಾಲೆಯ ವಾರ್ತಾಪತ್ರ ನಿನ್ನೆ ಅಂಚೆಯಲ್ಲಿ ಬಂತು. ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಮತ್ತು ಕಲಾ ಶಾಲೆ ಅಂತ ಉದ್ದದ ಹೆಸರು. ಬಿಚ್ಚಿದರೆ ಬಣ್ಣದ ಶಾಯಿಯ ಅದೇ ಘಾಟು. ಸುದ್ದಿಯೂ ಅದೇ: ದೀಪ ಹಚ್ಚಿದರು, ಶಾಲು ಹೊದೆಸಿದರು, ಶಾಲು ಹೊದೆಸಿದವರಿಗೂ ಶಾಲು ಹೊದೆಸಿದರು. ನೀವೇ ಹೇಳಿ, ಇಷ್ಟೆಲ್ಲದರ ನಡುವೆ ಪಾಠವೊಂದು ಬಿಟ್ಟುಹೋದರೆ ಯಾರಿಗೆ ಗೊತ್ತಾಗುತ್ತೆ?

ನಮ್ಮ ಕಾಲದಲ್ಲೂ ಹೀಗೇ. ಮುಖ್ಯಸ್ಥರಿಗೆ ಗಣ್ಯರು ಅಂದರೆ ಪ್ರಾಣ. ಹಿರಿಯೂರಿನ ರಸ್ತೆಯಲ್ಲಿ ಕೆಂಪು ದೀಪದ ಕಾರು ಸುಮ್ಮನೆ ಹಾದುಹೋದರೂ ಇವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಬಂದವರು ಬರಿಗೈಲಿ ಹೋಗಬಾರದು ಅನ್ನುವುದು ಅವರ ವ್ರತ.

ನನ್ನ ಜೊತೆ ಓದುತ್ತಿದ್ದವಳು ಗಂಗಮ್ಮ, ಬಾಗೂರಿನ ಕಡೆ ಕುರಿ ಸಾಕುವವರ ಮಗಳು. ಕಡೇ ವರ್ಷದ ಪರೀಕ್ಷೆಗೆ ಅವಳು ಕುರಿಗಾಹಿಗಳಿಗೊಂದು ಮನೆ, ಮಗ್ಗುಲಲ್ಲೇ ಕುರಿ ಕೂಡುವ ರೊಪ್ಪ, ಎರಡೂ ಸೇರಿದ ಪುಟ್ಟ ಮಾಡೆಲ್ ಮಾಡಿದ್ದಳು. ಕೆರೆಮಣ್ಣಿನ ಗೋಡೆ, ಜಾಲಿಕಡ್ಡಿಯ ಬೇಲಿ, ಅಪ್ಪನ ಮಂದೆಯದೇ ಉಣ್ಣೆ ಅಂಟಿಸಿದ ಪುಟ್ಟ ಕುರಿಗಳು. ಮಾಳಿಗೆ ಎತ್ತಿದರೆ ಒಳಗಿನ ಕೋಣೆಗಳು ಕಾಣುತ್ತಿದ್ದವು. ನಾನು ಥರ್ಮಾಕೋಲಿನ ವಿಮಾನ ನಿಲ್ದಾಣ ಮಾಡಿದ್ದೆ. ಅದನ್ನು ಎತ್ತಿದರೆ ಅಂಟು ಕಾಣುತ್ತಿತ್ತು. ಜೂರಿಯ ದಿನ ಹೊರಗಿನ ಪರೀಕ್ಷಕರ ಮುಂದೆ ಮಾಡೆಲ್ ಇಟ್ಟು ವಿವರಿಸಬೇಕು. ಮಾಡೆಲ್ ಇಲ್ಲದವರು ಆ ವರ್ಷ ಫೇಲು.

ಜೂರಿಯ ಹಿಂದಿನ ದಿನವೇ ಕಲಾ ಗ್ಯಾಲರಿಯ ಉದ್ಘಾಟನೆ. ಅಲಂಕಾರಕ್ಕಿರಲಿ ಅಂತ ನಮ್ಮ ಮಾಡೆಲ್‌ಗಳನ್ನೆಲ್ಲ ವೇದಿಕೆಯ ಪಕ್ಕ ಜೋಡಿಸಿದರು. ದುರ್ಗದಿಂದ ಬರಬೇಕಿದ್ದ ನೆನಪಿನ ಕಾಣಿಕೆ, ಯಾರದೋ ದಡ್ಡತನದಿಂದ, ಹೊಸದುರ್ಗದ ಬಸ್ಸು ಹತ್ತಿ ಹೋಗಿತ್ತು. ಉದ್ಘಾಟನೆಗೆ ಬಂದ ಅತಿಥಿಗಳು ರೊಪ್ಪದ ಮುಂದೆ ನಿಂತು, "ಗೊಂಬೆಮನೆ ಚೆನ್ನಾಗೈತೆ ಕಣ್ರಿ, ನಮ್ಮ ಮೊಮ್ಮಗಳು ಆಡ್ಕಂತಾಳೆ" ಅಂದರು. ಮುಖ್ಯಸ್ಥರಿಗೆ ಹೋದ ಜೀವ ಬಂತು. "ತಮಗೇ ಸಾರ್" ಅಂತ ಎತ್ತಿ ಕೊಟ್ಟೇಬಿಟ್ಟರು. ಚಪ್ಪಾಳೆ ಬಿತ್ತು. ಗಂಗಮ್ಮ ಓಡಿಬಂದು, "ಸಾರ್, ನಾಳೆ ನನ್ನ ಜೂರಿ ಐತೆ" ಅಂದಳು.

"ಅತಿಥಿಗಳ ಮುಂದೆ ಮರ್ಯಾದೆ ತೆಗೀಬ್ಯಾಡ, ಸುಮ್ನಿರಮ್ಮ" ಅಂದರು ಮುಖ್ಯಸ್ಥರು. ಕಾರು ಹೊರಟುಹೋಯಿತು.

ಮಾರನೇ ದಿನ ಅದೇ ಮುಖ್ಯಸ್ಥರು ಹೊರಗಿನ ಪರೀಕ್ಷಕರ ಜೊತೆ ಜೂರಿಯಲ್ಲಿ ಕೂತು, "ಎಲ್ಲಮ್ಮ ನಿನ್ನ ಮಾಡೆಲ್?" ಅಂತ ಕೇಳಿದರು. ಎಂಥ ಭಂಡತನ ನೋಡಿ.

"ನೀವೇ ಕೊಟ್ರಲ್ಲ ಸಾರ್."

"ಅದು ಬೇರೆ, ಇದು ಬೇರೆ. ನಿಯಮ ಅಂದ್ರೆ ನಿಯಮ."

ಫೇಲು ಮಾಡಿದರು. ಆ ಸಲದ ವಾರ್ತಾಪತ್ರದಲ್ಲಿ 'ಶಾಲೆಯ ಕಲಾಕೃತಿಯನ್ನು ಗಣ್ಯರು ಮೆಚ್ಚಿ ಸ್ವೀಕರಿಸಿದರು' ಅಂತ ಫೋಟೊ ಬಂತು, ಗಂಗಮ್ಮನ ಹೆಸರಿರಲಿಲ್ಲ. ಅವಳು ಮತ್ತೊಂದು ವರ್ಷ ಕೂತು ಅದೇ ರೊಪ್ಪ ಕಟ್ಟಿದಳು.

ನಿನ್ನೆಯ ಪತ್ರದ ಕಡೇ ಪುಟದಲ್ಲಿ ಅವಳ ಹೆಸರಿದೆ. ಹೊಳಲ್ಕೆರೆ ಸೀಮೆಯಲ್ಲಿ ಮಣ್ಣಿನ ಮನೆಗಳನ್ನು ಕಟ್ಟಿ ಹೆಸರಾದ ಹಳೆಯ ವಿದ್ಯಾರ್ಥಿನಿಗೆ ಸನ್ಮಾನವಂತೆ, ಅವಳು ಶಾಲೆಯ ಹೆಮ್ಮೆಯಂತೆ. ಇಷ್ಟೆಲ್ಲ ಬೈಯುವ ನಾನೇ ಮುಂದಿನ ಸಾಲಲ್ಲಿ ಕೂರುವ ಆಸೆಗೆ ಹೊಸ ಅಂಗಿ ಇಸ್ತ್ರಿಗೆ ಕೊಟ್ಟು ಅವಳಿಗೆ ಫೋನ್ ಮಾಡಿದೆ.

"ಸನ್ಮಾನಕ್ಕೆ ಬರಲ್ಲ ಅಂದೀನಿ ಕಣಪ್ಪ" ಅಂದಳು. "ಆವತ್ತೇ ಶಾಲೆ ಮಹಡಿ ಮ್ಯಾಲೆ ಹುಡುಗರ ಜೂರಿ ಐತೆ, ನಾನೇ ಪರೀಕ್ಷಕಿ. ಅವರ ಮಾಡೆಲ್‌ಗಳನ್ನ ಸಭೆ ಅಲಂಕಾರಕ್ಕೆ ಇಳಿಸ್ಬೇಕು ಅಂತ ಆಗಲೇ ಮಾತು ನಡದೈತೆ. ನೀನೂ ಬಾ. ಬಾಗಿಲಾಗೆ ನಿಂತ್ಕ. ಯಾರಾದ್ರೂ ಎತ್ತಾಕೆ ಬಂದ್ರೆ ಬಿಡಬ್ಯಾಡ."

ಇಸ್ತ್ರಿಯವನಿಗೆ ಅವಸರವಿಲ್ಲ ಅಂತ ಹೇಳಿ ಕಳಿಸಿದೆ. ಬಾಗಿಲು ಕಾಯುವುದಕ್ಕೆ ಹಳೇ ಅಂಗಿ ಸಾಕು.