ಆರತಿ ತಟ್ಟೆಯ ಕೆಂಪು ನೀರು

ಅಜ್ಜಿ ಆರತಿ ಎತ್ತಿ, ತಟ್ಟೆಯ ಕೆಂಪು ನೀರಲ್ಲಿ ಬೆರಳದ್ದಿ ನನ್ನ ಹಣೆಗಿಟ್ಟರು. ಎರಡನೇ ಸಲ ಕೌನ್ಸಿಲರ್ ಆಗಬೇಕೆಂದು ನಾನು ಕೊಯಮತ್ತೂರಿನ ನಮ್ಮ ವಾರ್ಡಿನಲ್ಲಿ ಓಟು ಕೇಳುತ್ತ, ನೇಕಾರರ ಬೀದಿಗೆ ಹೋಗಿದ್ದೆ. ಅಲ್ಲಿಯವರೆಗೂ ತಮಿಳಿನಲ್ಲಿ ಮಾತಾಡಿದವಳು, ಈ ಅಜ್ಜಿಯದು ಕನ್ನಡ ಮಾತಾಡುವ ನಮ್ಮವರ ಮನೆಯೆಂದು ಕನ್ನಡಕ್ಕೆ ತಿರುಗಿದೆ.

"ಅರಿಶಿನ, ಸುಣ್ಣ ಎಷ್ಟು ಚೆನ್ನಾಗಿ ಕಲಸಿದ್ದೀರಿ ಅಜ್ಜಿ!"

"ಅರಿಶಿನವೂ ಇಲ್ಲ, ಸುಣ್ಣವೂ ಇಲ್ಲ ಅಮ್ಮಣಿ. ಬೆಳಿಗ್ಗೆ ನಮ್ಮ ನಲ್ಲೀಲಿ ಬಂದ ನೀರೇ ಇದು."

ಅಜ್ಜಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ನಮ್ಮ ಮನೆ ಅಲ್ಲಿಂದ ಎರಡೇ ಬೀದಿ ಆಚೆ. ಮನೆಗೆ ಬಂದು, ಹಣೆ ತೊಳೆಯಲೆಂದು ನಲ್ಲಿ ತಿರುಗಿಸಿದೆ. ತಿಳಿನೀರು ಸುರಿಯಿತು. ಅದನ್ನು ಮುಟ್ಟಲು ನಾಚಿಕೆಯಾಯಿತು.